ಗುಡ್ಡಪ್ಪನ ಟವೆಲ್ ಕೆಳಗೆ ಬ್ಯಾಂಕಿನ ಕೈ

ಮೂಡಲಗಿಯ ದನದ ಪೇಟೆಯಲ್ಲಿ ನಾನು ಹಗ್ಗ, ಮೂಗುದಾಣ, ಗೆಜ್ಜೆಪಟ್ಟಿ ಮಾರಲು ಕುಳಿತು ನಲವತ್ತೊಂದು ವರ್ಷವಾಯಿತು. ಜಾಗ ಒಂದೇ, ಬೇವಿನ ಮರದ ಬುಡ. ಅಲ್ಲಿ ಕುಳಿತರೆ ಪೇಟೆಗೆ ಬರುವ ದನದ ಮುಖ ಕಾಣುತ್ತದೆ, ಹೋಗುವ ದನದ ಬಾಲ ಕಾಣುತ್ತದೆ, ನಡುವೆ ಮನುಷ್ಯರ ಕೈ ಕಾಣುತ್ತದೆ. ನಾನು ಶಾಲೆಗೆ ಹೋದದ್ದು ಮೂರು ವರ್ಷ ಮಾತ್ರ. ಉಳಿದ ಅಕ್ಷರವನ್ನೆಲ್ಲ ಶೇಂಗಾ ಕಟ್ಟಿದ ಕಾಗದ, ಗೊಬ್ಬರದ ಚೀಲ, ಗೋಡೆಗೆ ಹಚ್ಚಿದ ನೋಟಿಸು ಓದಿ ಕಲಿತೆ. ಆ ಅಕ್ಷರ ಇಷ್ಟು ದಿನ ಬೇರೆಯವರ ಅರ್ಜಿಗೆ ಸವೆಯಿತು. ಈಗ ಒಂದು ಕೈಯ ಬಗ್ಗೆ ಬರೆಯುತ್ತೇನೆ.

ಆ ಕೈ ಗುಡ್ಡಪ್ಪನದು. ಅವನು ದನದ ದಲ್ಲಾಳಿ. ವಯಸ್ಸು ಅರವತ್ತೆರಡು. ಗಾಳಿಗೆ ಬಿಟ್ಟ ಕಬ್ಬಿನ ಹಾಗೆ ಉದ್ದ, ತೆಳ್ಳಗೆ, ಮೇಲೆ ಹೋಗುತ್ತ ಸ್ವಲ್ಪ ಬಾಗಿದ್ದಾನೆ. ಹೆಗಲ ಮೇಲೆ ಒಂದು ಟವೆಲ್. ಅದೇ ಅವನ ಅಂಗಡಿ, ಅದೇ ಅವನ ತಕ್ಕಡಿ.

ನಮ್ಮ ಪೇಟೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಟವೆಲನ್ನು ತನ್ನ ಕೈ ಮೇಲೆ ಹೊದಿಸುತ್ತಾನೆ. ಮಾರುವವನು ಅದರ ಕೆಳಗೆ ಕೈ ಹಾಕುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಪಂಜಾ ಹಿಡಿದರೆ ಐದು. ಬಾಯಲ್ಲಿ ಮಳೆಯ ಮಾತು, ಮಗಳ ಮದುವೆಯ ಮಾತು, ಕೆಳಗೆ ವ್ಯಾಪಾರ. ಅಲ್ಲಿಂದ ಕೊಳ್ಳುವವನ ಹತ್ತಿರ ಹೋಗಿ ಅದೇ ಆಟ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗುವುದಿಲ್ಲ. ಹೀಗಾಗಿ ಬಡವ ಕಡಿಮೆ ಬೆಲೆಗೆ ಮಾರಿದ ಎಂದು ಯಾರೂ ಆಡಿಕೊಳ್ಳುವಂತಿಲ್ಲ, ಸಾಹುಕಾರ ಹೆಚ್ಚು ಕೊಟ್ಟು ಕೆಟ್ಟ ಎಂದು ಯಾರೂ ನಗುವಂತಿಲ್ಲ. ಇದೆಲ್ಲ ನಡೆಯುವುದು ದಲ್ಲಾಳಿಯ ಕೈ ಸುಳ್ಳು ಹೇಳುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ.

ಗುಡ್ಡಪ್ಪನ ಅಪ್ಪ ಇದೇ ಪೇಟೆಯಲ್ಲಿ ದನ ಹೊಡೆಯುವ ಕೂಲಿ. ಮಾರಿದ ದನವನ್ನು ಕಾಲ್ನಡಿಗೆಯಲ್ಲಿ ಗೋಕಾಕ, ಹುಕ್ಕೇರಿಯ ಊರೂರಿಗೆ ಮುಟ್ಟಿಸಿ ಬರುತ್ತಿದ್ದ. ಬಾಯಾರಿದರೆ ಅವನ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ಕಾಲ ಅದು. ಗುಡ್ಡಪ್ಪ ಒಮ್ಮೆ ನನ್ನ ಅಂಗಡಿಯ ಗೋಣಿಯ ಮೇಲೆ ಕುಳಿತು ಹೇಳಿದ್ದ.

"ನಮ್ಮಪ್ಪನ ಕೈಗೆ ಈ ಪೇಟ್ಯಾಗ ಯಾರೂ ಕೈ ಹಚ್ಚಲಿಲ್ಲ, ಲಕ್ಷ್ಮಣಣ್ಣ. ನನ್ನ ಟಾವೆಲ್ ಕೆಳಗ ಹನ್ನೆರಡು ಊರ ಗೌಡ್ರ ಕೈ ಬರ್ತಾವ. ಒಳಗ ಬಂದ ಕೈಗೆ ಹೆಂಗ ಸುಳ್ಳು ಹೇಳ್ಲಿ?"

ಅವನ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ ಇದೆ, ಬಾಬಾಸಾಹೇಬರ ಫೋಟೋ ಇದೆ, ಅವೆರಡರ ನಡುವಿನ ಮೊಳೆಗೆ ಟವೆಲ್ ತೂಗುತ್ತದೆ. ಹೆಂಡತಿ ಪಾರವ್ವ ರವಿವಾರ ಪೇಟೆಯಲ್ಲಿ ರೊಟ್ಟಿ, ಪುಂಡಿಪಲ್ಯ ಮಾರುತ್ತಾಳೆ. ಬಾಯಿ ಜೋರು, ಕೈ ಧಾರಾಳ. ಯಾವ ವ್ಯಾಪಾರ ಕುದುರಿತು, ಯಾವುದು ಮುರಿಯಿತು ಎಂಬುದು ಗುಡ್ಡಪ್ಪ ಬಾಯಿ ಬಿಡುವ ಮೊದಲೇ ಅವಳಿಗೆ ಗೊತ್ತಿರುತ್ತಿತ್ತು. ಹೇಗೆ ಎಂದು ನಾನು ಯಾವತ್ತೂ ವಿಚಾರ ಮಾಡಿರಲಿಲ್ಲ.

ಇಂಥ ಕೈಗೆ ಕಳೆದ ಮಾರ್ಚ್ ತಿಂಗಳ ಎರಡನೆಯ ರವಿವಾರ ಗ್ರಹಣ ಹಿಡಿಯಿತು.

ಅಂದು ತುಕ್ಕಾನಟ್ಟಿಯ ಕಾಶಿನಾಥ ಒಂದು ಜೋಡಿ ಕಿಲಾರಿ ಎತ್ತು ತಂದಿದ್ದ. ಕಾಶಿನಾಥ ಎಪ್ಪತ್ತರ ಆಸಾಮಿ. ಹಣೆಗೆ ಮೂರು ಬೆರಳು ವಿಭೂತಿ, ಬಾಯಿಗೆ ಮೂರೇ ಮೂರು ಮಾತು. ಎತ್ತುಗಳೂ ಅವನ ಹಾಗೆಯೇ, ನಿಂತರೆ ನಿಂತಂತೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಿಂದ ಸಿದ್ರಾಮ ಎಂಬ ರೈತ ಎತ್ತು ನೋಡಲು ಬಂದಿದ್ದ. ನೋಡಿದ್ದೇ ತಡ, ಅವನ ಕಾಲು ಅಲ್ಲಿಂದ ಕೀಳಲಿಲ್ಲ. ಗುಡ್ಡಪ್ಪನ ಟವೆಲ್ ಇಬ್ಬರ ನಡುವೆ ಮೂರು ಸಲ ಓಡಾಡಿತು. ಬೆಲೆ ಕುದುರಿತು.

ಸಿದ್ರಾಮ ಅಂದು ನೋಡಲೆಂದು ಬಂದವನು, ರೊಕ್ಕ ತಂದಿರಲಿಲ್ಲ. ಸೋಮವಾರ ಪೂರ್ತಿ ತರುತ್ತೇನೆ ಎಂದ. ಕಾಶಿನಾಥ ಒಪ್ಪಿದ, ಆದರೆ ಹೊತ್ತು ಮುಳುಗುವುದರೊಳಗೆ ಹತ್ತು ಸಾವಿರ ಸಂಚಕಾರ ಕೈಗೆ ಬೀಳಬೇಕು ಎಂದ. ಮುಂಗಡವಾಗಿ ಕೊಡುವ ಸಂಚಕಾರವನ್ನು ಬಾಯಿಂದ ಹೇಳಬಹುದು, ಅದಕ್ಕೆ ಮರೆ ಇಲ್ಲ. ಆದರೆ ಅದನ್ನು ಕೈಗಡ ತಂದು ಕೊಡಬಾರದು. ಸಾಲದ ಸಂಚಕಾರಕ್ಕೆ ಬಂದ ಎತ್ತು ಮನೆಗೆ ಹತ್ತುವುದಿಲ್ಲ ಎಂಬ ಮಾತು ನಮ್ಮಲ್ಲಿ ಗಟ್ಟಿ. ದಲ್ಲಾಳಿ ತನ್ನ ಸ್ವಂತ ರೊಕ್ಕ ಇಟ್ಟರೆ ಮಾತ್ರ ಅದನ್ನು ಸಾಲ ಎನ್ನುವುದಿಲ್ಲ.

"ನನ್ನ ಸ್ವಂತ ರೊಕ್ಕ ಐತಿ. ಸಂಚಕಾರ ನಾ ಇಡ್ತೇನಿ," ಎಂದ ಗುಡ್ಡಪ್ಪ. "ಹೊತ್ತು ಮುಳುಗೂದ್ರಾಗ ತಂದು ಕೊಡ್ತೇನಿ, ಕಾಶಿನಾಥಣ್ಣ. ಇದು ನನ್ನ ಮಾತು."

ರವಿವಾರ ಬ್ಯಾಂಕು ಮುಚ್ಚಿರುತ್ತದೆ. ಬ್ಯಾಂಕಿನ ಬಾಜೂಕ್ಕೆ ಎಟಿಎಂ ಇದೆ. ಗುಡ್ಡಪ್ಪ ಕಾರ್ಡು ಹಾಕಿದ, ಗುಟ್ಟಿನ ಅಂಕಿ ಒತ್ತಿದ. ಮಷಿನ್ ಮೆಲುಕು ಹಾಕಿದ ಹಾಗೆ ಗರಗರ ಎಂದಿತು. ನೋಟು ಬರುವ ಬಾಯಿ ಮಾತ್ರ ತೆರೆಯಲಿಲ್ಲ. ಕಿಸೆಯಲ್ಲಿದ್ದ ಫೋನು ಕುಂಯ್ ಎಂದಿತು. ಪಕ್ಕದಲ್ಲಿದ್ದವನಿಗೆ ತೋರಿಸಿದರೆ, ಖಾತೆಯಿಂದ ಹತ್ತು ಸಾವಿರ ಕಡಿತವಾಗಿದೆ ಎಂದು ಓದಿ ಹೇಳಿದ. ಖಾತೆಯಲ್ಲಿ ಇದ್ದದ್ದೇ ಹನ್ನೊಂದು ಸಾವಿರದ ಚಿಲ್ಲರೆ. ಮತ್ತೊಮ್ಮೆ ತೆಗೆಯುವಂತಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಮಷಿನಿಗೆ ಎರಡು ಗುದ್ದಿ, ಬೈದು, ಓಡಿ ಬಂದು ಕಾಶಿನಾಥನಿಗೆ ಇದ್ದದ್ದು ಹೇಳುತ್ತಿದ್ದರು. ಗುಡ್ಡಪ್ಪ ದನದ ಮನುಷ್ಯ. ಅರ್ಧ ಈದ ಎಮ್ಮೆಯನ್ನು ಬಿಟ್ಟು ಹೋಗಬಾರದು ಎಂದು ಅವನ ಮೈಗೆ ಗೊತ್ತು. ಗರಗರ ಎಂದದ್ದು ಈಗಲ್ಲದಿದ್ದರೆ ಇನ್ನೊಂದು ಗಳಿಗೆಗೆ ಹಾಕಲೇಬೇಕು ಎಂದು ಅಲ್ಲಿಯೇ ಕಾಯುತ್ತ ನಿಂತ. ಹಿಂದೆ ಬಂದವರಿಗೆ, "ಸ್ವಲ್ಪ ತಡೀರಿ, ಒಳಗ ಐತಿ, ಬರ್ತೈತಿ," ಎಂದು ಹೇಳುತ್ತ ಒಂದು ತಾಸು ನಿಂತ. ಹೊತ್ತು ಮುಳುಗಿತು. ಮಷಿನ್ ಈಯಲಿಲ್ಲ.

ಅವನು ಬರಿಗೈಯಲ್ಲಿ ಪೇಟೆಗೆ ಬಂದಾಗ ಎತ್ತುಗಳು ಮಹಾರಾಷ್ಟ್ರದ ಕಡೆಯ ವ್ಯಾಪಾರಿಯೊಬ್ಬನ ಟೆಂಪೋ ಹತ್ತುತ್ತಿದ್ದವು. ಕಾಶಿನಾಥ ತನ್ನ ಹಳೆಯ ಹಗ್ಗ ಸುತ್ತಿಕೊಳ್ಳುತ್ತಿದ್ದ. ಗುಡ್ಡಪ್ಪ ನಡೆದದ್ದನ್ನು ಹೇಳಿದ.

"ರೊಕ್ಕ ಇಲ್ಲಂದ್ರ ಇಲ್ಲ ಅನಬೇಕು, ಗುಡ್ಡಪ್ಪ," ಎಂದ ಕಾಶಿನಾಥ. "ಮಷಿನ್ ಮ್ಯಾಲ ಯಾಕ ಹಾಕ್ತಿ?"

ಸಿದ್ರಾಮನ ದುಃಖ ಬೇರೆ ನಮೂನೆಯದು. "ಮನಿಗೆ ಫೋನ್ ಮಾಡಿ ಎತ್ತು ಬರ್ತಾವ, ಆರತಿ ತಟ್ಟಿ ತಯಾರ ಇಡು ಅಂದೇನಿ. ಈಗ ಆರತಿ ಯಾರಿಗೆ ಮಾಡ್ಸ್ಲಿ, ಗುಡ್ಡಪ್ಪಣ್ಣ, ನಿನಗ?" ಎಂದು ಬಸ್ಸಿಗೆ ಹೋದ.

ಮುಂದಿನ ರವಿವಾರ ಗುಡ್ಡಪ್ಪ ಟವೆಲ್ ಹೊದಿಸಿದ. ಅದರ ಕೆಳಗೆ ಯಾರ ಕೈಯೂ ಬರಲಿಲ್ಲ. ಚಹಾದ ಅಂಗಡಿಯ ಪಡ್ಡೆಗಳು ನಗುತ್ತಿದ್ದವು. "ಗುಡ್ಡಪ್ಪ ಕಾಕಾ, ನಿನ್ನ ಟಾವೆಲ್ ಒಳಗ ಕೈ ಹಾಕಿದ್ರ ಕೈಯಾದ್ರೂ ವಾಪಸ್ ಬರ್ತೈತೊ, ಅದೂ ಒಳಗ ಕುಂದರ್ತೈತೊ?" ಎಂದು ಒಬ್ಬ ಕೇಳಿದ. ಗುಡ್ಡಪ್ಪನೂ ನಕ್ಕ. ನಕ್ಕು ನನ್ನ ಹತ್ತಿರ ಬಂದು, ಗೋಣಿಯ ಮೇಲೆ ಕುಳಿತು, ಟವೆಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡ. ಪೇಟೆ ನಡೆಯುವಾಗ ಆ ಟವೆಲ್ ಮಡಿಕೆಯಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ನಾವಿಬ್ಬರೂ ಬ್ಯಾಂಕಿಗೆ ಹೋದೆವು. ಮ್ಯಾನೇಜರ್ ಸುಮನ್ ಎಂಬ ಹೆಣ್ಣುಮಗಳು. ದಿನಾ ಗೋಕಾಕದಿಂದ ಬಸ್ಸಿಗೆ ಬಂದು ಹೋಗುತ್ತಾರೆ. ಮೋರೆಯಲ್ಲಿ ಸಿಟ್ಟಿಲ್ಲ, ಟೇಬಲ್ ಮೇಲೆ ಜಾಗವಿಲ್ಲ. ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಕಾಲ, ಕಾಗದದ ಬಣವೆ ಅವರ ಮೂಗಿನ ತನಕ ಬಂದಿತ್ತು.

"ಐದು ದಿನದಾಗ ತಾನ ಜಮಾ ಆಗ್ತೈತ್ರಿ," ಎಂದರು.

"ಎಂಟು ದಿನ ಆತ್ರಿ," ಎಂದೆ ನಾನು. "ಐದು ದಿನ ದಾಟಿದ್ರ ದಿನಕ್ಕ ನೂರರಂಗ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಐತಿ."

"ನಿಮಗ್ಯಾರು ಹೇಳಿದ್ರು?"

"ನಿಮ್ಮ ಗೋಡಿ ಹೇಳ್ತು. ಆ ಕಪಾಟದ ಹಿಂದ ಹಚ್ಚೀರಿ. ಅರ್ಧ ಕಾಣ್ತೈತಿ, ಉಳಿದದ್ದನ್ನ ಬಗ್ಗಿ ಓದಿದ್ನಿ."

ಮ್ಯಾಡಂ ಎದ್ದು ಹೋಗಿ ತಾವೂ ಬಗ್ಗಿ ಓದಿದರು. ಬಂದು ದೂರಿನ ಫಾರ್ಮು ಕೊಟ್ಟರು.

ಹೊರಗಿನ ಕಟ್ಟೆಯ ಮೇಲೆ ಕುಳಿತು ನಾನು ತುಂಬಿದೆ. ಹೆಸರು, ಖಾತೆ, ತಾರೀಖು, ನಡೆದ ಸಂಗತಿ. ಕೊನೆಗೆ ಎರಡು ಕಾಲಂ ಉಳಿದವು. ಒಂದು, ಏನು ಪರಿಹಾರ ಬೇಕು. ಇನ್ನೊಂದು, ಪರಿಹಾರದ ಮೊತ್ತ ಎಷ್ಟು. ಮೊದಲನೆಯದಕ್ಕೆ ಗುಡ್ಡಪ್ಪ ಹೇಳಿದ್ದನ್ನು ನಾನು ಇಸ್ತ್ರಿ ಮಾಡಿದ ಭಾಷೆಯಲ್ಲಿ ಬರೆದೆ: ಬ್ಯಾಂಕಿನವರು ರವಿವಾರದ ದನದ ಪೇಟೆಗೆ ಬಂದು, ತಪ್ಪು ಮಷಿನಿನದು, ಗುಡ್ಡಪ್ಪನದಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳಬೇಕು.

"ಮೊತ್ತ ಎಷ್ಟು ಬರೀಲಿ?" ಎಂದೆ.

"ಅದನ್ನ ಖಾಲಿ ಬಿಡು."

"ಖಾಲಿ ಬಿಟ್ರ ಅರ್ಜಿ ನಿಲ್ಲಂಗಿಲ್ಲೊ ಮಾರಾಯ. ನಿನ್ನ ದಲ್ಲಾಳಿ ರೊಕ್ಕ ಹೋಗೇತಿ, ನಿಯಮದ ರೊಕ್ಕ ಬರೂದೈತಿ. ಒಂದು ಅಂಕಿ ಹೇಳು."

"ನಲವತ್ತು ವರ್ಷದಾಗ ಬೆಲಿ ಬಾಯಿಲೆ ಆಡಿಲ್ಲ. ಈಗ ಹಾಳಿ ಮ್ಯಾಲ ಬರದು, ಕಾರಕೂನರೆಲ್ಲ ಓದೂಹಂಗ ಮಾಡ್ಲ್ಯಾ?"

"ಮತ್ತ ಅವರಿಗೆ ಹೆಂಗ ತಿಳೀಬೇಕು?"

"ಟಾವೆಲ್ ಐತೆಲ್ಲ," ಎಂದ ಗುಡ್ಡಪ್ಪ.

ಫಾರ್ಮು ಹಾಗೆಯೇ ಒಳಗೆ ಹೋಯಿತು. ನಾಲ್ಕು ದಿನಕ್ಕೆ ಮೊತ್ತ ನಮೂದಿಸಿಲ್ಲ ಎಂದು ವಾಪಸು ಬಂತು. ಮತ್ತೆ ಕೊಟ್ಟೆವು, ಮತ್ತೆ ಬಂತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಎರಡು ಸಲವೂ ಫಾರ್ಮಿನ ಮೂಲೆ ನೆಟ್ಟಗೆ ಮಾಡಿ, "ಖಾಲಿ ಇರ್ಲಿ," ಎಂದನೇ ಹೊರತು ಗುಡ್ಡಪ್ಪ ಅಂಕಿ ಹೇಳಲಿಲ್ಲ.

ಇಪ್ಪತ್ತಮೂರನೆಯ ದಿನ ಮಂಗಳವಾರ ಹತ್ತು ಸಾವಿರ ಖಾತೆಗೆ ಮರಳಿ ಬಂತು. ಸುಮನ್ ಮ್ಯಾಡಂ ತಾವೇ ಫೋನು ಮಾಡಿ ಕರೆದರು.

"ನಿಮ್ಮ ರೊಕ್ಕ ಜಮಾ ಆಗೇತ್ರಿ, ಗುಡ್ಡಪ್ಪನವರ. ತಡ ಆಗಿದ್ದಕ್ಕ ಹದಿನೆಂಟು ದಿನದ್ದು ಹದಿನೆಂಟು ನೂರು ಕೊಡ್ತೇವಿ. ಇಲ್ಲೊಂದು ಸಹಿ ಮಾಡ್ರಿ, ದೂರು ಮುಗೀತು."

ಗುಡ್ಡಪ್ಪ ಕೈ ಮುಗಿದ. ಸಹಿ ಮಾಡಲಿಲ್ಲ. "ರೊಕ್ಕ ಮನಿಗೆ ಬಂತ್ರಿ, ಮ್ಯಾಡಮ್ಮರ. ನನ್ನ ಮಾತು ಇನ್ನೂ ನಿಮ್ಮ ಮಷಿನಿನೊಳಗ ಐತಿ."

ಮ್ಯಾಡಂ ಪೆನ್ನು ಕೆಳಗಿಟ್ಟರು. "ಮಾತನ್ನ ಯಾವ ಖಾತೆಗೆ ಜಮಾ ಮಾಡ್ಲಿ? ನಮ್ಮಲ್ಲಿ ಅಂಥ ಖಾತೆ ಇಲ್ರಿ."

"ನಮ್ಮಲ್ಲಿ ಐತ್ರಿ. ರವಿವಾರ ಪೇಟೆಗೆ ಬರ್ರಿ, ತೋರಿಸ್ತೇನಿ."

ಅವರು ನಕ್ಕರು. ರಜೆಯ ದಿನ ಗೋಕಾಕದಿಂದ ದನದ ಪೇಟೆಗೆ ಯಾರು ಬರುತ್ತಾರೆ ಎಂದು ನಾನೂ ನಕ್ಕೆ. ಸಂಜೆ ಮನೆಯಲ್ಲಿ ಇದನ್ನು ಕೇಳಿದ ಪಾರವ್ವ ಮಾತ್ರ, "ಬರ್ತಾರ. ಬಗ್ಗಿ ನೋಟಿಸ್ ಓದಿದ ಹೆಣ್ಮಗಳು ಆಕಿ. ಮುಂದಿಂದು ಓದೂತನಾ ನಿದ್ದಿ ಹತ್ತಂಗಿಲ್ಲ ಆಕೀಗಿ," ಎಂದಳು.

ಎತ್ತು ಕೈತಪ್ಪಿದ ಮೇಲಿನ ನಾಲ್ಕನೆಯ ರವಿವಾರ, ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ, ಸುಮನ್ ಮ್ಯಾಡಂ ಚಪ್ಪಲಿಗೆ ಸಗಣಿ ಹತ್ತಿಸಿಕೊಂಡು ನನ್ನ ಬೇವಿನ ಮರದ ಕೆಳಗೆ ಬಂದು ನಿಂತರು. ಕೈಯಲ್ಲಿ ಒಂದು ಫೈಲು. ಸುತ್ತ ಮಂದಿ ನೆರೆಯಿತು. ದನದ ಪೇಟೆಗೆ ಮ್ಯಾನೇಜರ್ ಬಂದರೆ ಯಾರದೋ ಎತ್ತು ಜಪ್ತಿ ಎಂದು ಕೆಲವರು ತಮ್ಮ ದನಗಳನ್ನು ಎರಡು ಹೆಜ್ಜೆ ಹಿಂದೆ ಸರಿಸಿದರು. ಆಚೆ ತುದಿಯಲ್ಲಿ ಕಾಶಿನಾಥ ಇದ್ದ. ಈ ಸಲ ಒಂದು ಜೋಡಿ ಎಳೆಯ ಹೋರಿ ತಂದಿದ್ದ. ಎರಡು ವಾರದಿಂದ ತರುತ್ತಿದ್ದ, ಬೇರೆ ದಲ್ಲಾಳಿಗಳ ಕೈಗೆ ಅವು ಕುದುರಿರಲಿಲ್ಲ. ಸಿದ್ರಾಮನೂ ಬಂದಿದ್ದ. ಎತ್ತು ಸಿಗದೆ ಅವನ ಆರತಿ ತಟ್ಟೆ ಇನ್ನೂ ಖಾಲಿ ಕುಳಿತಿತ್ತು.

ಮ್ಯಾಡಂ ಫೈಲಿನಿಂದ ಒಂದು ಹಾಳೆ ತೆಗೆದರು. "ಇದು ಆ ದಿನದ ಮಷಿನಿನ ದಾಖಲೆ," ಎಂದು ಗಟ್ಟಿಯಾಗಿ ಹೇಳಿದರು. "ಸಂಜಿ ಐದು ಗಂಟೆ ನಲವತ್ತು ನಿಮಿಷಕ್ಕ ಗುಡ್ಡಪ್ಪ ಅವರು ಹತ್ತು ಸಾವಿರ ಕೇಳ್ಯಾರ. ನೋಟಿನ ಬಾಗಿಲ ಸಿಕ್ಕಿಬಿದ್ದೈತಿ, ನೋಟು ಹೊರಗ ಬಂದಿಲ್ಲ, ಖಾತೆದಾಗಿಂದ ಕಡಿತ ಆಗೇತಿ. ತಪ್ಪು ಬ್ಯಾಂಕಿಂದು. ಇನ್ನೊಂದು ಮಾತು. ಈ ಹಾಳಿ ಮೂರನೇ ದಿನಾನ ನನ್ನ ಟೇಬಲ್ ಮ್ಯಾಲ ಬಂದಿತ್ತು. ಮಾರ್ಚ್ ಗಡಿಬಿಡಿಯಾಗ ನಾ ನೋಡ್ಲಿಲ್ಲ. ನೋಡಿದ್ರ ಇಪ್ಪತ್ತಮೂರು ದಿನ ಹತ್ತತಿರಲಿಲ್ಲ. ಆ ತಪ್ಪು ನಂದು."

ದನಗಳೂ ಕಿವಿ ನಿಮಿರಿಸಿದವು. ಎಲ್ಲರೂ ಕಾಶಿನಾಥನ ಕಡೆ ನೋಡಿದರು. ಅವನು ಹೋರಿಯ ಬೆನ್ನ ಮೇಲಿನ ಹುಲ್ಲುಕಡ್ಡಿ ತೆಗೆಯುತ್ತ ಅಲ್ಲಿಯೇ ನಿಂತ. ಗುಡ್ಡಪ್ಪನ ಮುಖದಲ್ಲಿ ಬಂದ ನಗೆ ಅರ್ಧಕ್ಕೆ ನಿಂತಿತು.

"ಈಗ ನಿಮ್ಮ ಖಾಲಿ ಕಾಲಂ," ಎಂದರು ಮ್ಯಾಡಂ. "ಅದು ತುಂಬಲಿಲ್ಲಂದ್ರ ಕಂಪ್ಯೂಟರ್ ಮುಂದ ಹೋಗಂಗಿಲ್ಲ. ನಿಯಮದ ಹದಿನೆಂಟು ನೂರು ಅಂತೂ ಬಂದ ಬರ್ತೈತಿ, ಅದರ ಮ್ಯಾಲ ನಿಮ್ಮ ನುಕ್ಸಾನಕ್ಕ ಇಂತಿಷ್ಟರತನಾ ಕೊಡಬಹುದು ಅಂತ ನಮ್ಮ ಮ್ಯಾಲಿನ ಆಫೀಸಿನವರು ಹೇಳ್ಯಾರ. ನಿಮಗೆ ಎಷ್ಟು ಬೇಕು, ಹೇಳ್ರಿ."

ಚಹಾದ ಅಂಗಡಿಯ ಪಡ್ಡೆಯೊಬ್ಬ ಹಿಂದಿನಿಂದ, "ಲಕ್ಷ ಅನ್ನು, ಕಾಕಾ. ತಪ್ಪು ಒಪ್ಪ್ಯಾರ, ಬಿಡಬ್ಯಾಡ," ಎಂದ.

ಗುಡ್ಡಪ್ಪ ಅವನ ಕಡೆ ನೋಡಲಿಲ್ಲ. ಹೆಗಲಿನಿಂದ ಟವೆಲ್ ಇಳಿಸಿ ಕೈ ಮೇಲೆ ಹೊದಿಸಿದ. ಹೊದಿಸಿದವನು ಅಲ್ಲಿಯೇ ನಿಂತ. ಕಿವಿ ಕೆಂಪಾದವು. "ಮ್ಯಾಡಮ್ಮರ, ತಪ್ಪು ತಿಳೀಬ್ಯಾಡ್ರಿ. ಈ ಟಾವೆಲ್ ಕೆಳಗ ಹೆಣ್ಮಕ್ಕಳ ಕೈ ಬಂದಿಲ್ಲ."

"ಯಾಕ ಬಂದಿಲ್ಲ?" ಎಂದು ರೊಟ್ಟಿಯ ಬುಟ್ಟಿ ಸರಿಸಿ ಪಾರವ್ವ ಎದ್ದಳು. "ಈ ಮನಿಗೆ ಬಂದು ನಲವತ್ತೆರಡು ವರ್ಷ ನನ್ನ ಕೈ ಎಲ್ಲಿತ್ತು? ಧಂದೆ ಕಲಿಯೂ ಮುಂದ ಬೆರಳು ತಿರುಗವಲ್ದಾಗಿತ್ತು ಈ ಪುಣ್ಯಾತ್ಮಂದು. ಮುಂಜಾನಿ ಚಹಾ ಕುಡೀತ ನನ್ನ ಕೈ ಹಿಡಿದು ಕಲ್ತಾನ. ಎತ್ತಿಂದು, ಎಮ್ಮಿದು, ಹೋರಿದು ಎಲ್ಲಾ ಬೆಲಿ ನನ್ನ ಬೆರಳಿಗೆ ಬರ್ತಾವ."

ಪೇಟೆ ಗೊಳ್ಳೆಂದು ನಕ್ಕಿತು. ಗುಡ್ಡಪ್ಪ ತಲೆ ತಗ್ಗಿಸಿ ಟವೆಲನ್ನು ಹೆಂಡತಿಗೆ ಕೊಟ್ಟ. ಮೊದಲು ಅವಳೂ ಅವನೂ ಅದರ ಕೆಳಗೆ ಕೈ ಹಾಕಿದರು. ಅವನು ತನ್ನ ಬೆಲೆ ಹೇಳಿದ. ಅವಳು ಹುಬ್ಬು ಏರಿಸಿ, "ಇಷ್ಟನಾ?" ಎಂದಳು. ಅವನು, "ಅಷ್ಟ ಸಾಕು," ಎಂದ. ಆಮೇಲೆ ಮ್ಯಾಡಂ ಕೈ ಹಾಕಿದರು. ಪಾರವ್ವ ಅವರ ಬೆರಳನ್ನು ಒಂದೊಂದಾಗಿ ಹಿಡಿದು, "ಇದು ನೂರಾ ನೋಡ್ರಿ, ಇದು ಸಾವಿರಾ," ಎಂದು ಕಲಿಸಿದಳು. ಬಾಯಲ್ಲಿ, "ಮಕ್ಕಳು ಎಷ್ಟು ಮಂದಿ? ಗೋಕಾಕದಾಗ ಮನಿ ಸ್ವಂತದ್ದಾ?" ಎಂದು ಕೇಳುತ್ತಲೇ ಇದ್ದಳು. ಮ್ಯಾಡಂ ಉತ್ತರ ಹೇಳುತ್ತ, ತಡವರಿಸುತ್ತ, ನಗುತ್ತ ಬೆರಳು ಎಣಿಸಿದರು. ಆಮೇಲೆ ಹೌದೆಂದು ಗೋಣು ಹಾಕಿದರು.

"ಕುದುರಿತು," ಎಂದಳು ಪಾರವ್ವ.

ಉಳಿದದ್ದು ಕಾಲಂ. ಬರೆಯುವವನು ನಾನು, ನನಗೆ ಅಂಕಿ ಗೊತ್ತಾಗಬೇಕು. ಪಾರವ್ವ ಟವೆಲನ್ನು ನನ್ನ ಕೈ ಮೇಲೆ ಹಾಕಿದಳು. ನಲವತ್ತೊಂದು ವರ್ಷ ಆ ಟವೆಲನ್ನು ಹೊರಗಿನಿಂದ ನೋಡಿದವನು ನಾನು, ಅಂದು ಮೊದಲ ಸಲ ಒಳಗೆ ಹೋದೆ. ಬರೆದೆ, ಫಾರ್ಮನ್ನು ಮಡಚಿ ಮ್ಯಾಡಂ ಕೈಗೆ ಕೊಟ್ಟೆ, ಗುಡ್ಡಪ್ಪ ಸಹಿ ಮಾಡಿದ. ಎಷ್ಟು ಎಂದು ಕೇಳಬೇಡಿ. ಬ್ಯಾಂಕಿನವರು ಅದನ್ನು ಬುಧವಾರ ಖಾತೆಗೆ ಹಾಕಿದರು, ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಪಡ್ಡೆಗಳು ಹೇಳಿದ ಲಕ್ಷ ಅದಲ್ಲ, ಅಷ್ಟು ಮಾತ್ರ ತಿಳಿದಿರಲಿ.

ಮ್ಯಾಡಂ ಪಾರವ್ವನ ಬುಟ್ಟಿಯ ಹತ್ತಿರ ಕುಳಿತು ರೊಟ್ಟಿ ಮುರಿಯುತ್ತಿದ್ದಾಗ ಕಾಶಿನಾಥ ಮಂದಿಯನ್ನು ಸರಿಸಿಕೊಂಡು ಬಂದ. ಹೋರಿಗಳ ಹಗ್ಗ ಎಡಗೈಯಲ್ಲಿತ್ತು.

"ಕಾಗದ ಕೇಳಿದೆ," ಎಂದ. "ಕಾಗದಕ್ಕ ನಾ ಬರಲಿಲ್ಲ, ಗುಡ್ಡಪ್ಪ. ಬ್ಯಾಂಕಿನವರು ತಪ್ಪು ಒಪ್ಪಿ ಎದುರಿಗೆ ನಿಂತಾಗೂ ನೀ ಬೆಲಿ ಬಾಯಿಲೆ ಆಡಲಿಲ್ಲ. ಇಂಥವ ಆ ದಿನ ನನಗ ಸುಳ್ಳು ಹೇಳಿರಾಕಿಲ್ಲ. ತಾ ಟಾವೆಲ್."

ಕಾಶಿನಾಥ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ತುಕ್ಕಾನಟ್ಟಿಯವರು ಇಂದಿಗೂ ನಂಬುವುದಿಲ್ಲ.

ಗುಡ್ಡಪ್ಪ ಟವೆಲ್ ಹೊದಿಸಿದ. ಕಾಶಿನಾಥನ ಕೈ ಅದರೊಳಗೆ ಹೋಯಿತು. ಇಬ್ಬರೂ ಈ ವರ್ಷದ ಕಬ್ಬಿನ ಮಾತು ಆಡತೊಡಗಿದರು. ಆಮೇಲೆ ಟವೆಲ್ ಸಿದ್ರಾಮನ ಕಡೆ ನಡೆಯಿತು, ಮರಳಿ ಬಂತು, ಮತ್ತೆ ನಡೆಯಿತು.

ನಾನು ಬೆರಳು ನೋಡಲಾರೆ, ಬೆಲೆ ಕೇಳಲಾರೆ. ಆದರೆ ನಮ್ಮ ಪೇಟೆಯಲ್ಲಿ ದನ ಮಾರಿದವನು ಹಳೆಯ ಹಗ್ಗವನ್ನು ತಾನೇ ಇಟ್ಟುಕೊಳ್ಳುತ್ತಾನೆ, ಕೊಂಡವನು ಹೊಸ ಹಗ್ಗದಲ್ಲಿಯೇ ಹೊಡೆದುಕೊಂಡು ಹೋಗಬೇಕು. ಸ್ವಲ್ಪ ಹೊತ್ತಿಗೆ ಸಿದ್ರಾಮ ನನ್ನ ಅಂಗಡಿಯ ಮುಂದೆ ನಿಂತಿದ್ದ. ಕಿವಿಗೆ ಹಚ್ಚಿದ ಫೋನಿನಲ್ಲಿ, "ಆರತಿ ತಟ್ಟಿ ತೊಳೆದಿಡು," ಎನ್ನುತ್ತಿದ್ದ. ಫೋನು ಕಿಸೆಗೆ ಹಾಕಿ ಕೇಳಿದ.

"ಲಕ್ಷ್ಮಣಣ್ಣ, ಎರಡು ಹಗ್ಗ ಕೊಡು. ಗಟ್ಟಿ ನೋಡಿ ಕೊಡು, ಹೋರಿ ಭಾಳ ಎಳೀತಾವ."